2006ರ ಕೊಲೆ ಕೇಸನ್ನು ಅಮಾನತಾಗಿ ಬಂದ ಇನ್‌ಸ್ಪೆಕ್ಟರ್ ಮತ್ತೆ ತೆಗೆದರೆ ಶಹಾಪುರದಲ್ಲಿ ತನಿಖೆ ಹೇಗೆ ನಡೆಯುತ್ತದೆ?

ನಿಮ್ಮ ಪ್ರಶ್ನೆಯ ಸಾರ ಇದು: ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೀರಿ. 2006ರ ಡಿಸೆಂಬರ್‌ನಲ್ಲಿ ಈಗಿನ ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಒಂದು ಹಾಳು ಬಾವಿಯಲ್ಲಿ ಗಂಡಸಿನ ಹೆಣ ಸಿಗುತ್ತದೆ. ಗುರುತು ಹತ್ತುವುದಿಲ್ಲ, ಕೇಸು ಮುಚ್ಚಿಹೋಗುತ್ತದೆ. 2024ರಲ್ಲಿ, ಹಿಂದೊಮ್ಮೆ ಅಮಾನತಾಗಿ ಈಗ ಕುಡಿತಕ್ಕೆ ಬಿದ್ದ ಇನ್‌ಸ್ಪೆಕ್ಟರ್ ಅದನ್ನು ಮತ್ತೆ ತೆಗೆಯುತ್ತಾನೆ. ಪೊಲೀಸರು ಓದಿದರೂ ನಗಬಾರದು, ಏನೇನು ಸರಿ ಇರಬೇಕು ಅಂತ ಕೇಳಿದ್ದೀರಿ.

ಕುಡಿತವನ್ನು ಸದ್ಯ ಬದಿಗಿಡಿ, ಕಡತದಿಂದ ಶುರು ಮಾಡಿ. ಹಳೇ ಕೇಸಿನಲ್ಲಿ ಕೊಲೆಗಾರನಿಗಿಂತ ಮೊದಲು ಹುಡುಕಬೇಕಾದದ್ದು ಕಾಗದ. ನಿಮ್ಮ ನಾಯಕನ ಹಳೇ ಕಳಂಕವೂ ಕಥೆಯೊಳಗೆ ಕಾಗದವಾಗಿಯೇ ಬರಬೇಕು ಅನ್ನುವುದು ನನ್ನ ಅಭಿಪ್ರಾಯ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆ ಹೆಣಕ್ಕೆ ಯಾವ ನಂಬರು ಬಿತ್ತು ಅನ್ನುವುದನ್ನು ಮೊದಲು ತೀರ್ಮಾನಿಸಿ. ಬಾವಿಯಲ್ಲಿ ಹೆಣ ತೇಲುತ್ತಿದೆ ಅಂತ ಹೊಲದವನು ಬಂದು ಹೇಳಿದಾಗ ಠಾಣೆಯಲ್ಲಿ ಸಾಮಾನ್ಯವಾಗಿ ಮೊದಲು ದಾಖಲಾಗುವುದು ಯುಡಿಆರ್, ಅಂದರೆ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 174ನೇ ಕಲಮಿನ ಅಸ್ವಾಭಾವಿಕ ಮರಣ ವರದಿ. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ತಲೆಗೆ ಬಿದ್ದ ಪೆಟ್ಟಿನಿಂದ ಸಾವು ಅಂತ ಬರೆದರೆ ಆಗ ಕ್ರೈಂ ನಂಬರು, ಅಂದರೆ ಎಫ್‌ಐಆರ್ ನಂಬರು ಬೀಳುತ್ತದೆ, ಐಪಿಸಿಯ 302 (ಕೊಲೆ) ಮತ್ತು 201 (ಸಾಕ್ಷ್ಯನಾಶ) ಹತ್ತುತ್ತವೆ. ಅವರು ಅಭಿಪ್ರಾಯ ಕಾಯ್ದಿರಿಸಿ, ಒಳಾಂಗಗಳ ರಾಸಾಯನಿಕ ವರದಿಯಲ್ಲೂ ಏನೂ ಸಿಗದಿದ್ದರೆ ಅದು ಯುಡಿಆರ್ ಆಗಿಯೇ ಮುಗಿಯುತ್ತದೆ. ಕಡತ ಎಲ್ಲಿ ಬಿದ್ದಿದೆ ಅನ್ನುವುದು ಇದರ ಮೇಲೆಯೇ ನಿಂತಿದೆ. ಕ್ರೈಂ ನಂಬರಿನ ಕೇಸು ಪತ್ತೆಯಾಗದೆ ಮುಗಿದರೆ 'ಸಿ' ರಿಪೋರ್ಟ್ ಆಗಿ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಹೋಗುತ್ತದೆ. ಯುಡಿಆರ್ ಹೋಗುವುದು ಕಂದಾಯ ಇಲಾಖೆಯ ದಂಡಾಧಿಕಾರಿಯ ಕಡೆಗೆ. ನಾಯಕ ಎರಡು ವಾರ ಕೋರ್ಟಿನ ರೆಕಾರ್ಡ್ ರೂಮಿನಲ್ಲಿ ಧೂಳು ಕುಡಿದು, ಕೊನೆಗೆ ಕಾಗದ ಎಸಿ (ಉಪವಿಭಾಗಾಧಿಕಾರಿ) ಕಚೇರಿಯ ಕಪಾಟಿನಲ್ಲಿ ಸಿಕ್ಕರೆ ಯಾವ ಪೊಲೀಸನೂ ನಗುವುದಿಲ್ಲ. 'ಬಿ' ರಿಪೋರ್ಟ್ ಅಂತ ಮಾತ್ರ ಬರೆಯಬೇಡಿ, ಅದು ಸುಳ್ಳು ದೂರಿಗೆ ಅಥವಾ ಅಪರಾಧವೇ ಅಲ್ಲದ್ದಕ್ಕೆ ಹಾಕುವಂಥದ್ದು. ಕಾದಂಬರಿಗಳಲ್ಲಿ ಈ ಎರಡು ಅಕ್ಷರ ಅದಲುಬದಲಾಗುವುದು ಬಹಳ.

'ಸಿ' ರಿಪೋರ್ಟ್ ಒಪ್ಪಿಗೆಯಾದ ಮಾತ್ರಕ್ಕೆ ಕೇಸು ಸತ್ತಂತಲ್ಲ. ಕೊಲೆಗೆ ಕಾಲಮಿತಿ ಇಲ್ಲ. ಸಿಆರ್‌ಪಿಸಿ 173(8)ರಡಿ ಪೊಲೀಸರು ಮುಂದುವರಿದ ತನಿಖೆ ಮಾಡಬಹುದು. ಕೋರ್ಟಿಗೆ ತಿಳಿಸಿ ಅನುಮತಿ ಪಡೆದೇ ಮಾಡುವುದು ರೂಢಿ. ಹಳೇ ತನಿಖೆಯನ್ನು ಅಳಿಸಿಹಾಕಿ ಹೊಸದಾಗಿ ಮರುತನಿಖೆ ಮಾಡುವುದು ಬೇರೆಯೇ ಮಾತು, ಅದಕ್ಕೆ ಹೈಕೋರ್ಟೋ ಸುಪ್ರೀಂ ಕೋರ್ಟೋ ಹೇಳಬೇಕು. ನಿಮ್ಮ ಕಥೆಗೆ ಅದೇ ಬೇಕಿದ್ದರೆ ಬೆಂಗಳೂರಿಗೆ ಓಡಿಸಬೇಡಿ. ಕಲಬುರಗಿಯಲ್ಲೇ ಹೈಕೋರ್ಟ್ ಪೀಠವಿದೆ, 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದದ್ದು.

ಹೆಸರುಗಳ ಗೊಂದಲ ಈ ಭಾಗದ ಹಳೇ ಕೇಸುಗಳಿಗೇ ಅಂಟಿದ್ದು, ಚೆನ್ನಾಗಿ ಬಳಸಿಕೊಳ್ಳಿ. 2006ರ ಕಡತದ ಮೇಲೆ ಯಾದಗಿರಿ ಜಿಲ್ಲೆ ಅಂತ ಇರಲು ಸಾಧ್ಯವಿಲ್ಲ. ಆ ಜಿಲ್ಲೆ ಹುಟ್ಟಿದ್ದು 2009ರ ಡಿಸೆಂಬರ್ ಕೊನೆಗೆ. ಹಾಗಾಗಿ ಕಡತದಲ್ಲಿರುವುದು 'ಗುಲಬರ್ಗಾ ಜಿಲ್ಲೆ', ಮೇಲಧಿಕಾರಿ ಗುಲಬರ್ಗಾ ಎಸ್ಪಿ, ಸೆಷನ್ಸ್ ಕೋರ್ಟೂ ಅಲ್ಲಿಯದೇ. ಗುಲಬರ್ಗಾ ಕಲಬುರಗಿ ಆದದ್ದು 2014ರ ನವೆಂಬರ್ 1ಕ್ಕೆ. ಜಿಲ್ಲೆ ಒಡೆದಾಗ ಕೆಲವು ರಿಜಿಸ್ಟರುಗಳು ಹೊಸ ಎಸ್ಪಿ ಕಚೇರಿಗೆ ಬರುತ್ತವೆ, ಕೆಲವು ಹಳೇ ಜಿಲ್ಲೆಯ ಅಪರಾಧ ದಾಖಲೆ ವಿಭಾಗದಲ್ಲೇ ಉಳಿಯುತ್ತವೆ. ಗಡಿಯಾಚೆ ಇನ್ನೂ ಕಷ್ಟ. 2006ರಲ್ಲಿ ಜಹೀರಾಬಾದಿಗೆ ಕಳಿಸಿದ ವೈರ್‌ಲೆಸ್ ಸಂದೇಶದಲ್ಲಿ 'ಮೇದಕ್ ಜಿಲ್ಲೆ, ಆಂಧ್ರಪ್ರದೇಶ' ಅಂತಿರುತ್ತದೆ. ಅದೇ ಊರು ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆ. ತಾಂಡೂರು ಆಗ ರಂಗಾರೆಡ್ಡಿ, ಈಗ ವಿಕಾರಾಬಾದ್. ನಾರಾಯಣಪೇಟೆ ಆಗ ಮೆಹಬೂಬನಗರ, ಈಗ ತಾನೇ ಒಂದು ಜಿಲ್ಲೆ. ಹಳೇ ವಿಳಾಸಕ್ಕೆ ಪತ್ರ ಹಾಕಿ ಉತ್ತರಕ್ಕೆ ಕಾಯುವ ಇನ್‌ಸ್ಪೆಕ್ಟರ್ ಮೂರು ತಿಂಗಳು ಕಳಕೊಳ್ಳುತ್ತಾನೆ. ತಿಳಿದವನು ಒಬ್ಬ ಪಿಸಿಯನ್ನು (ಕಾನ್‌ಸ್ಟೇಬಲ್) ಬಸ್ಸು ಹತ್ತಿಸುತ್ತಾನೆ.

ಕಡತ ಸಿಕ್ಕಿತು ಅನ್ನೋಣ. ಎಫ್‌ಐಆರ್ ಅಲ್ಲ, ಕೇಸ್ ಡೈರಿಯನ್ನು ಮೊದಲು ಓದಿಸಿ. ಠಾಣೆಯಲ್ಲಿ ಇದಕ್ಕೆ ಸಿಡಿ ಅಂತಲೇ ಹೆಸರು. ನುರಿತವನು ಹುಡುಕುವುದು ಮೂರನ್ನು. ತಾರೀಖುಗಳ ನಡುವಿನ ಖಾಲಿ ದಿನ: ಬಂದೋಬಸ್ತೋ, ವರ್ಗಾವಣೆಯೋ, ಯಾರದೋ ಮಾತೋ. ಒಂದೇ ಸಲ ಬಂದು ಮತ್ತೆ ಕಾಣದ ಹೆಸರು. ಸಿಡಿಯಲ್ಲಿ 'ಹೇಳಿಕೆ ಪಡೆಯಲಾಯಿತು' ಅಂತಿದ್ದು ಕಡತದಲ್ಲಿ ಇಲ್ಲದ ಹೇಳಿಕೆ. ತನಿಖಾಧಿಕಾರಿ ಎಷ್ಟು ಸಲ ಬದಲಾದ ಅನ್ನುವುದನ್ನೂ ಎಣಿಸಬೇಕು. ಪ್ರತಿ ಚಾರ್ಜ್ ಹಸ್ತಾಂತರದಲ್ಲೂ ಏನಾದರೊಂದು ಕಳಚಿಕೊಳ್ಳುತ್ತದೆ.

ಈ ಕೆಲಸದಲ್ಲಿ ನಾಯಕನಿಗಿಂತ ಠಾಣೆಯ ರೈಟರ್ ದೊಡ್ಡವನು. ಯಾವ ರಿಜಿಸ್ಟರು ಯಾವ ಟ್ರಂಕಿನಲ್ಲಿದೆ ಅನ್ನುವುದು ಆ ಹೆಡ್ ಕಾನ್‌ಸ್ಟೇಬಲ್‌ಗೆ ಮಾತ್ರ ಗೊತ್ತು. ಗೋಡೆ ಮೇಲೆ ಫೋಟೊ ಅಂಟಿಸಿ ಕೆಂಪು ದಾರ ಕಟ್ಟುವ ದೃಶ್ಯ ಇದ್ದರೆ ತೆಗೆದುಬಿಡಿ, ಆ ಜಾಗದಲ್ಲಿ ರೈಟರನ್ನು ಕೂರಿಸಿ.

ಮುದ್ದೆಮಾಲು, ಅಂದರೆ ಕೇಸಿನಲ್ಲಿ ವಶಪಡಿಸಿಕೊಂಡ ವಸ್ತುಗಳು, ಪಿ.ಎಫ್. (ಪ್ರಾಪರ್ಟಿ ಫಾರ್ಮ್) ನಂಬರಿನಡಿ ದಾಖಲಾಗಿ ಕೋರ್ಟಿನ ಸುಪರ್ದಿಗೆ ಹೋಗಿರುತ್ತದೆ. ಕೇಸು ಮುಗಿದ ಮೇಲೆ ವಿಲೇವಾರಿ ಆದೇಶವಾಗಿದ್ದರೆ ಅದು ಸುಟ್ಟುಹೋಗಿರಲೂಬಹುದು, ಹಾಗಾಗಿ ಮೊದಲು ಹುಡುಕಬೇಕಾದದ್ದು ಆ ಆದೇಶವನ್ನು. ವಸ್ತುಗಳು ಉಳಿದಿದ್ದರೂ ಸ್ಥಿತಿ ಚೆನ್ನಾಗಿರುವುದು ಅಪರೂಪ. ಒದ್ದೆ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದಲ್ಲಿ ಕಟ್ಟಬೇಕು. ಅವಸರದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದ್ದರೆ ಬೂಸ್ಟು ಹಿಡಿದು ರಕ್ತದ ಕಲೆಯಲ್ಲಿ ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ಅರಗಿನ ಮುದ್ರೆ ಬೇಸಿಗೆಯ ಬಿಸಿಗೆ ಒಡೆದಿರುತ್ತದೆ. ಪಂಚರ ಸಹಿಯ ಚೀಟಿಯನ್ನು ಗೆದ್ದಲು ತಿಂದಿರುತ್ತದೆ. ಮುದ್ರೆ ಒಡೆದ ಗಂಟನ್ನು ಹಾಗೇ ಲ್ಯಾಬಿಗೆ ಕಳಿಸುವಂತಿಲ್ಲ. ಕೋರ್ಟಿನ ಅನುಮತಿ ಪಡೆದು, ಪಂಚರ ಎದುರು ತೆರೆದು, ಯಾವ ಸ್ಥಿತಿಯಲ್ಲಿತ್ತು ಅಂತ ಪಂಚನಾಮೆಯಲ್ಲಿ ಬರೆದು, ಫೋಟೊ ತೆಗೆದು, ಹೊಸ ಮುದ್ರೆ ಒತ್ತಿ, ಮುದ್ರೆಯ ನಮೂನೆಯನ್ನೂ ಜೊತೆಗಿಡಬೇಕು. ಇದನ್ನು ಬಿಟ್ಟರೆ ಮುಂದೆ ಡಿಎನ್‌ಎ ಹೊಂದಿದರೂ ಪ್ರತಿವಾದಿ ವಕೀಲರು ಅದನ್ನು ನಿಲ್ಲಗೊಡುವುದಿಲ್ಲ.

ಗುರುತು ಹಚ್ಚಲು ಡಿಎನ್‌ಎಗಿಂತ ಅಗ್ಗದ ದಾರಿಗಳಿವೆ. ಅಂಗಿಯ ಕೊರಳಪಟ್ಟಿಯ ಒಳಗೆ ದರ್ಜಿ ಹೊಲಿದ ಲೇಬಲ್ ನೋಡಲಿ. ತೆಲುಗಿನಲ್ಲೋ ಉರ್ದುವಿನಲ್ಲೋ ಇದ್ದು, ಪಂಚನಾಮೆ ಬರೆದವನಿಗೆ ಆ ಲಿಪಿ ಬರದೆ 'ಅಂಗಿಗೆ ಲೇಬಲ್ ಇರುತ್ತದೆ' ಅಂತಷ್ಟೇ ಬರೆದು ಕೈಬಿಟ್ಟಿದ್ದರೆ ನಿಮಗೆ ಒಂದು ಒಳ್ಳೆಯ ಎಳೆ ಸಿಕ್ಕಂತೆ. ಇನ್ನೊಂದು, ಹೆಣದ ಬೆರಳಚ್ಚು ಚೀಟಿ. 2006ರಲ್ಲಿ ಅದನ್ನು ಜಿಲ್ಲೆಯ, ರಾಜ್ಯದ ಸಂಗ್ರಹದಲ್ಲಿ ಹುಡುಕಿ ಬಿಟ್ಟಿರುತ್ತಾರೆ. 2022ರಲ್ಲಿ ಬಂದ ನ್ಯಾಫಿಸ್ ಎಂಬ ದೇಶಮಟ್ಟದ ಬೆರಳಚ್ಚು ವ್ಯವಸ್ಥೆಯಲ್ಲಿ ಬೇರೆ ರಾಜ್ಯಗಳ ದಾಖಲೆಯಲ್ಲೂ ಹುಡುಕಬಹುದು. ಆದರೆ ಸತ್ತವನು ಎಂದಾದರೂ ಬಂಧನಕ್ಕೊಳಗಾಗಿ ಬೆರಳಚ್ಚು ಕೊಟ್ಟಿದ್ದರೆ ಮಾತ್ರ ಹತ್ತುತ್ತದೆ.

ನಾಪತ್ತೆ ದೂರು ಯಾಕಿರಲಿಲ್ಲ ಅಂತ ಓದುಗರು ಕೇಳುತ್ತಾರೆ. ನಮ್ಮ ಕಡೆ ಉತ್ತರ ಸುಲಭ: ಗುಳೆ. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು ಅಂತ ಹೋದವನು ಎರಡು ವರ್ಷ ಬರದಿದ್ದರೂ ಮನೆಯವರು 'ಅಲ್ಲೇ ದುಡೀಲಿಕತ್ತಾನ' ಅಂದುಕೊಳ್ಳುತ್ತಾರೆ. ಕೊಲೆಗಾರನಿಗೆ ಇದು ಮೊದಲೇ ಗೊತ್ತಿತ್ತು ಅಂತ ಮಾಡಿದರೆ ಕಥೆಗೆ ಬಲ.

ಸಮಾಧಿ ಅಗೆಯುವುದು ನೀವು ಖಂಡಿತ ಬರೆಯುವ ದೃಶ್ಯ, ಅದಕ್ಕೆ ವಿವರವಾಗಿಯೇ ಹೇಳುತ್ತೇನೆ. ಗುರುತು ಸಿಗದ ಹೆಣವನ್ನು ಸುಡದೆ ಹೂಳುವುದೇ ಮುಂದೆಂದಾದರೂ ಬೇಕಾದೀತು ಅಂತ. ರಾತ್ರೋರಾತ್ರಿ ಟಾರ್ಚ್ ಹಿಡಿದು ಇನ್‌ಸ್ಪೆಕ್ಟರ್ ಒಬ್ಬನೇ ಅಗೆಯುವ ಹಾಗಿಲ್ಲ. ಸಿಆರ್‌ಪಿಸಿ 176(3)ರಡಿ ಆದೇಶ ಕೊಡುವುದು ದಂಡಾಧಿಕಾರಿ, ಸ್ಥಳದಲ್ಲಿ ಎಸಿಯೋ ತಹಶೀಲ್ದಾರರೋ ಇರುತ್ತಾರೆ. ಜೊತೆಗೆ ವಿಧಿವಿಜ್ಞಾನ ವೈದ್ಯರು, ಇಬ್ಬರು ಪಂಚರು, ಫೋಟೊದವರು, ಪುರಸಭೆಯ ಕೆಲಸಗಾರರು. ಬೆಳಗಿನ ಜಾವಕ್ಕೇ ಶುರು ಮಾಡುತ್ತಾರೆ, ಹಗಲ ಬೆಳಕಿನಲ್ಲೇ ಮುಗಿಯಬೇಕು. ಎಷ್ಟು ವರ್ಷದೊಳಗೆ ಅಗೆಯಬೇಕು ಅನ್ನುವ ಮಿತಿ ನಮ್ಮ ಕಾನೂನಿನಲ್ಲಿಲ್ಲ.

ನಿಜವಾದ ತೊಡಕು ಯಾವ ಗುಂಡಿ ಅನ್ನುವುದು. ಕಲ್ಲಿಲ್ಲ, ಹೆಸರಿಲ್ಲ. ಹೂತವನು ಪುರಸಭೆಯ ಮುದುಕ, 'ಬೇವಿನ ಗಿಡದ ಬಾಜೂಕ' ಅನ್ನುತ್ತಾನೆ, ಆ ಗಿಡ ಈಗಿಲ್ಲ. ಅದೇ ಸಾಲಿನಲ್ಲಿ ಬೇರೆ ಅನಾಥ ಹೆಣಗಳೂ ಇವೆ. ಸಿಕ್ಕ ಅಸ್ಥಿಪಂಜರ ಮರಣೋತ್ತರ ಪರೀಕ್ಷೆಯಾದದ್ದೇ ಅಂತ ತಿಳಿಯಲು ತಲೆಬುರುಡೆ ನೋಡಬೇಕು. ಪರೀಕ್ಷೆಯಲ್ಲಿ ಮಿದುಳು ತೆಗೆಯಲು ಬುರುಡೆಯ ಮೇಲ್ಭಾಗವನ್ನು ಗರಗಸದಿಂದ ಸುತ್ತ ಕೊಯ್ದಿರುತ್ತಾರೆ, ಆ ನೇರ ಗೆರೆ ನೂರು ವರ್ಷವಾದರೂ ಅಳಿಯುವುದಿಲ್ಲ. ಕೊಯ್ದ ಬುರುಡೆಗಳು ಎರಡು ಸಿಕ್ಕರೆ ಹಳೇ ವರದಿಯಲ್ಲಿ ಬರೆದ ಎತ್ತರ, ಹಲ್ಲುಗಳು, ಮೂಳೆ ಮುರಿದ ಜಾಗ ಹಿಡಿದು ಒಂದನ್ನು ಆರಿಸಬೇಕು.

ಮಣ್ಣನ್ನೂ ಮರೆಯಬೇಡಿ. ಶಹಾಪುರ, ಜೇವರ್ಗಿ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ವರ್ಷ ವರ್ಷ ಹೀಗೆ ಆಗುವಾಗ ಬೆರಳಿನ ಸಣ್ಣ ಮೂಳೆ, ಅಂಗಿಯ ಗುಂಡಿ, ಉಂಗುರ ಎಲ್ಲ ಬಿರುಕಿನಲ್ಲಿ ಜಾರಿ ಮೂಲ ಜಾಗಕ್ಕಿಂತ ಕೆಳಗಿಳಿದಿರುತ್ತವೆ. ಹಾಗಾಗಿ ಅಸ್ಥಿ ಎತ್ತಿದ ಮೇಲೂ ಕೆಳಗೆ ಇನ್ನೊಂದು ಅಡಿ ತೆಗೆದು ಮಣ್ಣನ್ನು ಜರಡಿ ಹಿಡಿಯಬೇಕು. ಎರೆಮಣ್ಣು ಒದ್ದೆಯಿದ್ದರೆ ಜರಡಿಗೆ ಮೆತ್ತಿಕೊಳ್ಳುತ್ತದೆ, ನೀರು ಹಾಕಿ ತೊಳೆದೇ ಜಾಲಿಸಬೇಕು. ಮೊದಲ ಎರಡು ಅಡಿ ಗುದ್ದಲಿ ಸಾಕು, ಆಮೇಲೆ ಖುರ್ಪಿ, ಕೊನೆಗೆ ಬ್ರಷ್. ಜೆಸಿಬಿ ತಂದರೆ ಬುರುಡೆ ಚೂರಾಗಿ, ಪೆಟ್ಟು ಯಾವಾಗಿನದು ಅನ್ನುವ ವಾದಕ್ಕೆ ನೀವೇ ಬಾಗಿಲು ತೆರೆದಂತೆ. ವಿಷದ ಅನುಮಾನವಿದ್ದರೆ ದೇಹದ ಮೇಲಿನ, ಕೆಳಗಿನ, ಪಕ್ಕದ ಮಣ್ಣು ತಲಾ ಅರ್ಧ ಕಿಲೋ, ಜೊತೆಗೆ ದೂರದ ಬೇರೆ ಜಾಗದ ಮಣ್ಣು ಹೋಲಿಕೆಗೆ. ಎರೆಮಣ್ಣು ಕ್ಷಾರಗುಣದ್ದು, ಹುಳಿ ಮಣ್ಣಿಗಿಂತ ಮೂಳೆಯನ್ನು ಚೆನ್ನಾಗಿ ಉಳಿಸುತ್ತದೆ. ಆದರೆ ಪಕ್ಕದಲ್ಲಿ ನಾರಾಯಣಪುರ ಎಡದಂಡೆಯ ಕಾಲುವೆ ನೀರು ಬಂದು ಸ್ಮಶಾನ ಒದ್ದೆ–ಒಣ ಒದ್ದೆ–ಒಣ ಆಗುತ್ತಿದ್ದರೆ ಆ ಲಾಭವೂ ಹೋಯಿತು.

ಡಿಎನ್‌ಎಗೆ ತೊಡೆಮೂಳೆಯ ನಡುಭಾಗದ ತುಂಡು, ಹುಳುಕಿಲ್ಲದ ಎರಡರಿಂದ ನಾಲ್ಕು ದವಡೆಹಲ್ಲು ತೆಗೆಯುತ್ತಾರೆ. ಫಾರ್ಮಲಿನ್‌ನಲ್ಲಿ ಹಾಕಿದರೆ ಡಿಎನ್‌ಎ ಕೆಡುತ್ತದೆ, ಈ ತಪ್ಪು ಹೊಸ ಸಿಬ್ಬಂದಿಯಿಂದ ಆಗುವುದುಂಟು. ಒಣಗಿಸಿ ಕಾಗದದಲ್ಲಿ ಸುತ್ತಿ ಕಳಿಸಬೇಕು. ಹೋಲಿಕೆಗೆ ತಾಯಿ ಅಥವಾ ಮಗ–ಮಗಳ ರಕ್ತ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಕೊಳವೆಯಲ್ಲಿ 2–3 ಮಿಲಿ ಸಾಕು, ಜೊತೆಗೆ ಕೊಟ್ಟವರ ಫೋಟೊ ಅಂಟಿಸಿದ ಗುರುತಿನ ನಮೂನೆ. ತಾಯಿ ತೀರಿಕೊಂಡು ಅಣ್ಣ ಮಾತ್ರ ಇದ್ದರೆ ವೈ ಕ್ರೋಮೋಸೋಮ್ ಪರೀಕ್ಷೆ ಮಾಡಬಹುದು. ಆದರೆ ಅದು ಒಂದೇ ತಂದೆಯ ಕಡೆಯ ವಂಶ ಅಂತಷ್ಟೇ ಹೇಳುತ್ತದೆ, ಇವನೇ ಅಂತ ಹೇಳುವುದಿಲ್ಲ. ದೊಡ್ಡಪ್ಪ–ಚಿಕ್ಕಪ್ಪನ ಮಕ್ಕಳೆಲ್ಲ ಒಂದೇ ಊರಿನಲ್ಲಿರುವ ಮನೆತನದಲ್ಲಿ ಈ ಮಿತಿಯೇ ಕಥೆಯ ತಿರುವಾಗಬಲ್ಲದು. ಸ್ಯಾಂಪಲ್ ಕೈಯಲ್ಲೇ ಒಯ್ಯುವ ಪಿಸಿ ಬೆಂಗಳೂರಿನ ಮಡಿವಾಳದ ಎಫ್‌ಎಸ್‌ಎಲ್‌ಗೋ (ವಿಧಿವಿಜ್ಞಾನ ಪ್ರಯೋಗಾಲಯ) ಹೈದರಾಬಾದಿನ ಡಿಎನ್‌ಎ ಕೇಂದ್ರ ಸಿಡಿಎಫ್‌ಡಿಗೋ ಹೋಗುತ್ತಾನೆ. ವರದಿ ಬರಲು ತಿಂಗಳುಗಳೇ ಬೇಕು, ಮರುದಿನ ಸಂಜೆ ತರಿಸಬೇಡಿ.

ಮೊಬೈಲ್ ದಾಖಲೆ ಮರೆತುಬಿಡಿ. ಆಗ ಕಂಪನಿಗಳು ಕಾಲ್ ವಿವರ ಇಟ್ಟುಕೊಳ್ಳಬೇಕಿದ್ದದ್ದು ಒಂದು ವರ್ಷ, ಅದು ಎರಡು ವರ್ಷವಾದದ್ದು 2021ರ ಕೊನೆಗೆ. 2006ರಲ್ಲೇ ಯಾರಾದರೂ ತರಿಸಿ ಕಡತಕ್ಕೆ ಹಚ್ಚಿದ್ದರೆ ಮಾತ್ರ ಉಂಟು.

ಸಾಕ್ಷಿಗಳ ನೆನಪಿಗೆ ಬರೋಣ. 'ಡಿಸೆಂಬರ್ 7ರಂದು ನೀವು ಎಲ್ಲಿದ್ದಿರಿ' ಅಂತ ಕೇಳುವ ಇನ್‌ಸ್ಪೆಕ್ಟರ್ ಈ ಭಾಗದವನಲ್ಲ. ಇಲ್ಲಿನ ಹಿರಿಯರು ಕಾಲ ಎಣಿಸುವುದು ಕಾರಹುಣ್ಣಿಮೆ, ಎಳ್ಳಮಾವಾಸ್ಯೆ, ತೊಗರಿ ರಾಶಿ, ಶರಣಬಸವೇಶ್ವರ ಜಾತ್ರೆ, ಕಲಬುರಗಿ ದರ್ಗಾದ ಬಂದೇನವಾಜರ ಉರುಸು ಇವುಗಳಿಂದ. ಇಲ್ಲೊಂದು ಬಲೆ ಇದೆ. ಉರುಸು ಹಿಜರಿ ತಿಂಗಳ ಲೆಕ್ಕದ್ದು, ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2006ರಲ್ಲಿ ಅದು ಬಿದ್ದದ್ದು ಡಿಸೆಂಬರ್‌ನಲ್ಲಿ, ತೊಗರಿ ಕೊಯ್ಲಿನ ಹೊತ್ತಿಗೆ. 2024ರಲ್ಲಿ ಬಂದದ್ದು ಮೇ ತಿಂಗಳ ಉರಿಬಿಸಿಲಿನಲ್ಲಿ. 'ಉರುಸಿಗೆ ಹೋಗಿ ಬಂದ ರಾತ್ರಿ ಹೊಲದಾಗ ತೊಗರಿ ಕಾಯ್ಲಿಕತ್ತಿದ್ದೆ, ಥಂಡಿ ಭಾಳ ಇತ್ತು' ಅಂತ ಮುದುಕ ಹೇಳಿದರೆ ಬೆಂಗಳೂರಿನಿಂದ ಬಂದ ಅಧಿಕಾರಿ ಸುಳ್ಳು ಅಂದುಕೊಳ್ಳುತ್ತಾನೆ, ಯಾಕೆಂದರೆ ಅವನು ನೋಡಿದ ಉರುಸು ಬೇಸಿಗೆಯದು. ಲೆಕ್ಕ ಹಾಕಿದವನಿಗೆ ಗೊತ್ತಾಗುತ್ತದೆ, ಮುದುಕ ತಾರೀಖನ್ನೇ ಹೇಳಿದ್ದಾನೆ.

ಹಳೇ ಹೇಳಿಕೆಯನ್ನು ಮೊದಲೇ ಓದಿ ಕೇಳಿಸಬಾರದು. ಓದಿದರೆ ಸಾಕ್ಷಿ ನೆನಪನ್ನಲ್ಲ, ಕಾಗದವನ್ನು ಹೇಳುತ್ತಾನೆ. ಮೊದಲು ತಾನಾಗಿ ಹೇಳಲಿ, ಆಮೇಲೆ ವ್ಯತ್ಯಾಸ ಕೇಳಲಿ. ತಾಂಡಾದ ಲಂಬಾಣಿಯೋ ದಖನಿ ಉರ್ದುವೋ ಆಡುವವರ ಹೇಳಿಕೆಯನ್ನು ಆಗ ರೈಟರ್ ಕನ್ನಡದಲ್ಲಿ ಬರೆದಿರುತ್ತಾನೆ. ಅವನು ಬರೆದ 'ಅಣ್ಣ' ನಿಜಕ್ಕೂ ಅಣ್ಣನೋ, ಭಾಯಿ ಅಂದದ್ದನ್ನು ಹಾಗೆ ಬರೆದದ್ದೋ? ಒಬ್ಬ ಆರೋಪಿ ಹೀಗೆ ಹದಿನೇಳು ವರ್ಷ ತಪ್ಪಿಸಿಕೊಂಡಿರಲು ಸಾಧ್ಯ. ಪೊಲೀಸರು ಸಿಆರ್‌ಪಿಸಿ 161ರಡಿ ಬರೆದುಕೊಳ್ಳುವ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸಬೇಡಿ, 162ನೇ ಕಲಂ ಅದನ್ನು ಬೇಡ ಅನ್ನುತ್ತದೆ. ಗಟ್ಟಿಯಾಗಬೇಕಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ 164ರ ಹೇಳಿಕೆ ಕೊಡಿಸಿ.

ತಪ್ಪೊಪ್ಪಿಗೆಯಿಂದ ಕಥೆ ಮುಗಿಸುವ ಆಸೆ ಬೇಡ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯದು. ಆರೋಪಿ ಹೇಳಿದ್ದರಿಂದಲೇ ಏನಾದರೂ ವಸ್ತು ಪತ್ತೆಯಾದರೆ ಅಷ್ಟರ ಮಟ್ಟಿಗೆ ಮಾತ್ರ ಬೆಲೆ. ಅದೂ ಎಲ್ಲರೂ ನೀರು ಸೇದುವ ಬಾವಿಯಿಂದ ತೆಗೆದ ಕೊಡಲಿಯಾದರೆ ತೂಕ ಕಡಿಮೆ. ಮಂಪರು ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕದ್ದೇ ಪ್ರಕರಣದಲ್ಲಿ, ಸೆಲ್ವಿ ಕೇಸು. ಆರೋಪಿಗೆ 2006ರಲ್ಲಿ ಹದಿನೆಂಟು ತುಂಬಿತ್ತೇ ಅಂತಲೂ ಶಾಲೆಯ ದಾಖಲೆ ತರಿಸಿ ನೋಡಿ. ತುಂಬಿರದಿದ್ದರೆ ಈಗ ಮೂವತ್ತೈದಾದರೂ ಅವನು ಬಾಲ ನ್ಯಾಯ ಕಾಯ್ದೆಯಡಿ ಬರುತ್ತಾನೆ.

ಈಗ ನಿಮ್ಮ ನಾಯಕ. ಬೆಂಗಳೂರಿನಲ್ಲಿ ತಪ್ಪು ಮಾಡಿದ್ದಕ್ಕೆ ಕಲಬುರಗಿ ಕಡೆಗೆ ಎಸೆದರು ಅನ್ನುವ 'ಪನಿಷ್‌ಮೆಂಟ್ ಪೋಸ್ಟಿಂಗ್' ಕಥೆ ಇಲ್ಲಿನವರಿಗೆ ಸಾಕುಸಾಕಾಗಿದೆ, ನಾವೇನು ಅಂಡಮಾನಿನಲ್ಲಿಲ್ಲ. ಬದಲಿಗೆ ಅವನನ್ನು ಈ ಭಾಗದವನನ್ನಾಗಿಯೇ ಮಾಡಿ. ಅವನ ಹಿಂದಿನ ತಪ್ಪು ಕಸ್ಟಡಿ ಸಾವು ಆಗಿದ್ದರೆ ವಿಧಾನ ಹೀಗೆ: 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ವರದಿ, ಸಿಆರ್‌ಪಿಸಿ 176(1ಎ) ಅಡಿ ನ್ಯಾಯಿಕ ಮ್ಯಾಜಿಸ್ಟ್ರೇಟರ ವಿಚಾರಣೆ, ತನಿಖೆ ಸಿಐಡಿಗೆ. ಇಲಾಖಾ ವಿಚಾರಣೆ 1965ರ ಪೊಲೀಸ್ ಶಿಸ್ತು ನಿಯಮಗಳಡಿ. ಅಮಾನತಿನಲ್ಲಿದ್ದಾಗ ಪೂರ್ತಿ ಸಂಬಳವಿಲ್ಲ, ಜೀವನಾಧಾರ ಭತ್ಯೆ ಮಾತ್ರ. ಅಪ್ಪಣೆಯಿಲ್ಲದೆ ಕೇಂದ್ರಸ್ಥಾನ ಬಿಡುವಂತಿಲ್ಲ. ಕುಡಿತಕ್ಕಿಂತ ಹೆಚ್ಚಾಗಿ ಮನೆ ಮುರಿಯುವುದು ಕಂತು ಕಟ್ಟಲಾಗದ ಆ ತಿಂಗಳುಗಳು.

ಆದರೆ ಇದಕ್ಕಿಂತ ಒಳ್ಳೆಯ ಗಾಯ ನಿಮ್ಮ ಕಥೆಯಲ್ಲೇ ಇದೆ. 2006ರಲ್ಲಿ ಅದೇ ಠಾಣೆಯಲ್ಲಿ ಅವನು ಪ್ರೊಬೇಷನರಿ ಪಿಎಸ್ಐ, ವಯಸ್ಸು ಇಪ್ಪತ್ತಾರು. ಬಾವಿಯ ದಂಡೆಯಲ್ಲಿ ಶವ ಪಂಚನಾಮೆ ಬರೆದ ಕೈ ಅವನದೇ. ಲೇಬಲ್ ಓದಿಸದೆ ಬಿಟ್ಟವನೂ ಅವನೇ. ನಲವತ್ನಾಲ್ಕಕ್ಕೆ ಕಡತ ತೆರೆದಾಗ ಕಾಣುವುದು ತನ್ನದೇ ಅಕ್ಷರ. ಆಗ ಕಾನೂನು ಅಡ್ಡ ಬರುವುದಿಲ್ಲ, ಆದರೆ ವಿವೇಕ ಅಡ್ಡ ಬರುತ್ತದೆ. ವಿಷಯ ಗೊತ್ತಾದ ಎಸ್ಪಿ ತನಿಖೆಯನ್ನು ಬೇರೆ ಸರ್ಕಲ್ ಇನ್‌ಸ್ಪೆಕ್ಟರಿಗೆ ಕೊಟ್ಟು ಇವನನ್ನು ಸಾಕ್ಷಿಪಟ್ಟಿಗೆ ಸೇರಿಸುತ್ತಾರೆ. ಕಟಕಟೆಯಲ್ಲಿ ನಿಂತ ಇವನಿಗೆ ಪ್ರತಿವಾದಿ ವಕೀಲರು ಪಾಟಿಸವಾಲಿನಲ್ಲಿ ಅಮಾನತಿನ ಆದೇಶ ತೋರಿಸುತ್ತಾರೆ, ಆಮೇಲೆ ಪಂಚನಾಮೆಯ ಆ ಒಂದು ಸಾಲು ಓದಿಸುತ್ತಾರೆ. ತಪ್ಪನ್ನು ಒಪ್ಪಿಕೊಂಡರೆ ಇಲಾಖೆಯಲ್ಲಿ ಇನ್ನೊಂದು ವಿಚಾರಣೆ, ಮುಚ್ಚಿಟ್ಟರೆ ಕೇಸು ಬೀಳುತ್ತದೆ. ನಿಮಗೆ ಬಾಟಲಿಯ ಅಗತ್ಯವೇ ಬರುವುದಿಲ್ಲ.

ತಾರೀಖಿನ ಬಗ್ಗೆ: ಕಥೆ 2024ರ ಜುಲೈ 1ಕ್ಕಿಂತ ಮುಂಚೆ ಇರಲಿ, ಆಗ ಮೇಲೆ ಹೇಳಿದ ಕಲಂಗಳೇ ನಡೆಯುತ್ತವೆ. ಅದಾದ ಮೇಲೆ ಸಿಆರ್‌ಪಿಸಿ ಜಾಗಕ್ಕೆ ಬಿಎನ್‌ಎಸ್‌ಎಸ್, ಐಪಿಸಿ ಜಾಗಕ್ಕೆ ಬಿಎನ್‌ಎಸ್ ಬಂತು, 173(8) ಹೋಗಿ 193(9) ಆಯಿತು. ಕೊಲೆಗೆ ಮಾತ್ರ ಎಂದಿದ್ದರೂ 302ನೇ ಬರೆಯಿರಿ, 2006ರ ಕೃತ್ಯಕ್ಕೆ ಬಿಎನ್‌ಎಸ್ 103 ಹಾಕುವಂತಿಲ್ಲ. ಮೇ 7ಕ್ಕೆ ಇಲ್ಲಿ ಲೋಕಸಭೆ ಮತದಾನವಿತ್ತು, ಅದಕ್ಕೂ ಮುಂಚೆ ಯಾವ ಇನ್‌ಸ್ಪೆಕ್ಟರಿಗೂ ಹಳೇ ಕೇಸಿಗೆ ಬಿಡುವಿಲ್ಲ. ಮೇ ಎರಡನೇ ವಾರದಿಂದ ಶುರು ಮಾಡಿ. ಉರುಸೂ ಆಗಲೇ, ಎರೆ ಬಿರುಕು ಬಿಟ್ಟಿರುವುದೂ ಆಗಲೇ, ಮುಂಗಾರು ಬರುವುದರೊಳಗೆ ಸಮಾಧಿ ಅಗೆಯಬೇಕಾದ ಅವಸರವೂ ತಾನಾಗಿ ಸಿಗುತ್ತದೆ.

ಕೊನೆಗೆ ಮಾತು. ಇಲ್ಲಿ ಯಾರೂ ಇನ್‌ಸ್ಪೆಕ್ಟರಿಗೆ 'ಸರ್, ನನಗೇನೂ ತಿಳಿದಿಲ್ಲ' ಅನ್ನುವುದಿಲ್ಲ. 'ನಂಗೇನ್ ಗೊತ್ತಿಲ್ರಿ ಸಾಹೇಬ್ರ' ಅನ್ನುತ್ತಾರೆ. ಅವನೂ ಎಪ್ಪತ್ತು ದಾಟಿದ ಸಾಕ್ಷಿಗೆ ಹೆಸರು ಹಿಡಿದು ಕರೆಯುವುದಿಲ್ಲ, 'ಮುತ್ಯಾ, ಕುಂದರ್ರಿ, ಮೊದಲ ಚಾ ಕುಡೀರಿ' ಅಂತಾನೆ.